ಅಕ್ಕನ ಕಂಪ್ಯೂಟರಿನೊಳಗಿನ ಕಂಪ್ಯೂಟರು

ಮುದ್ರಣಾಲಯದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಡಾಕ್ಟ್ರು’ ಅಂತಲೇ. ಮಲಗಿದ ಕಂಪ್ಯೂಟರುಗಳನ್ನು ಎಬ್ಬಿಸಿ ಕೂರಿಸುವುದು ಅವನ ಕೆಲಸ. ಕೆಲಸ ಬಲ್ಲವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗತ್ತು ನೋಡಬೇಕಿತ್ತು! ಮೌಸ್ ಅಲುಗಾಡುತ್ತಿಲ್ಲ ಎಂದು ಯಾರಾದರೂ ಕರೆದರೆ ಸಾಕು, "ವೈರ್ ಚುಚ್ಚಿದೀರಾ, ಇಲ್ಲ ಅದಕ್ಕೂ ನಾನೇ ಬರ್ಬೇಕಾ?" ಎಂದು ಇಡೀ ಕೋಣೆಗೆ ಕೇಳುವಂತೆ ಕೂಗುವನು.

ಅವನ ಪ್ರಾಣವೆಲ್ಲ ಇದ್ದದ್ದು ಮೂಲೆಯ ತನ್ನ ಮೇಜಿನಲ್ಲಿ. ಅಲ್ಲಿನ ಕಂಪ್ಯೂಟರಿನೊಳಗೇ ಇನ್ನೊಂದಷ್ಟು ಕಂಪ್ಯೂಟರುಗಳನ್ನು ಸಾಕಿಕೊಂಡಿದ್ದ. ವರ್ಚುವಲ್ ಮಷೀನುಗಳಂತೆ. ಪರದೆಯ ಮೇಲೆ ಒಂದು ಕಿಟಕಿ ತೆರೆದರೆ ಲಿನಕ್ಸ್, ಇನ್ನೊಂದು ತೆರೆದರೆ ಓಬೀರಾಯನ ಕಾಲದ ವಿಂಡೋಸ್, ಮತ್ತೊಂದರಲ್ಲಿ ಯಾರೂ ಹೆಸರು ಕೇಳಿರದ ಯಾವುದೋ ಆಪರೇಟಿಂಗ್ ಸಿಸ್ಟಮ್. ಒಳಗೆ ಏನು ಕೆಡಿಸಿದರೂ ಹೊರಗಿನ ಯಂತ್ರದ ಕೂದಲೂ ಕೊಂಕುವುದಿಲ್ಲ. ಮೊದಲೇ ಒಂದು ಸ್ನ್ಯಾಪ್‌ಶಾಟ್, ಅಂದರೆ ಇದ್ದದ್ದು ಇದ್ದ ಹಾಗೆ ಒಂದು ಪಡಿಯಚ್ಚು, ತೆಗೆದಿಟ್ಟಿದ್ದರಾಯಿತು, ಬೇಕೆಂದಾಗ ಆಮೇಲಿನದೆಲ್ಲ ಅಳಿಸಿಹೋಗಿ ಎಲ್ಲವೂ ಆ ಗಳಿಗೆಗೆ ಮರಳುತ್ತದೆ. ಕೆಡಿಸುವುದು, ಮರಳಿಸುವುದು, ಮತ್ತೆ ಕೆಡಿಸುವುದು: ಬಿಡುವಿನಲ್ಲೆಲ್ಲ ಅವನಿಗೆ ಇದೇ ಆಟ.

ಈ ಕೆಲಸ ಕೊಡಿಸಿದ್ದು ಅವನ ಅಕ್ಕ. ಅದೇ ಮುದ್ರಣಾಲಯದಲ್ಲಿ ಪುಟ ಜೋಡಿಸುವವಳು. ಗಂಡ ತೀರಿಕೊಂಡ ಮೇಲೆ ಹಂಗಾಮಿಯಾಗಿ ಸೇರಿ, ಹಂಗಾಮಿಯಾಗಿಯೇ ತಲೆ ನರೆಸಿಕೊಂಡಿದ್ದಳು. ಬಂದವರಿಗೆಲ್ಲ, "ಇವ್ನು ನನ್ ತಮ್ಮ. ಕೆಲ್ಸ ಇಲ್ದೆ ಅಲೀತಿದ್ದ, ಯಜಮಾನ್ರ ಹತ್ರ ನಾನೇ ಮಾತಾಡಿ ಸೇರಿಸ್ದೆ" ಎನ್ನುವಳು. ಅವಳದು ಬರೀ ಹೆಮ್ಮೆ. ಅವನಿಗೋ ಮೈಯೆಲ್ಲ ಉರಿ. ಅವಳ ಮನೆಯಲ್ಲೇ ಇದ್ದುಕೊಂಡು, ಅವಳು ಬಡಿಸಿದ್ದನ್ನೇ ಉಂಡು, ಒಂದೇ ಒಂದು ಸಲ ಈ ಅಕ್ಕ ತನ್ನ ಮುಂದೆ ಗೋಗರೆಯುವುದನ್ನು ನೋಡಬೇಕು ಎಂದು ಹಲ್ಲು ಕಡಿಯುತ್ತಿದ್ದ. ಎಂಥ ಜನ್ಮವೋ!

ಯಜಮಾನರಿಗೆ ಎಲ್ಲ ಕಂಪ್ಯೂಟರುಗಳಿಗೂ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸುವ ಮನಸ್ಸಾಯಿತು. ಮೊದಲು ಒಂದರಲ್ಲಿ ನೋಡೋಣ ಎಂದರು. ಡಾಕ್ಟ್ರು ಅಕ್ಕನ ಯಂತ್ರದೊಳಗೆ ಲಿನಕ್ಸಿನ ಒಂದು ವರ್ಚುವಲ್ ಮಷೀನು ಕೂರಿಸಿ, ಅದು ಖಾಲಿ ಇರುವಾಗಲೇ ಸ್ನ್ಯಾಪ್‌ಶಾಟ್ ತೆಗೆದಿಟ್ಟ. ವೈದ್ಯಕೀಯದ ಒಂದು ದಪ್ಪ ಪುಸ್ತಕ ಅವಳ ಪಾಲಿಗೆ ಬಂತು. "ಹೊಸದ್ರಲ್ಲೇ ಮಾಡಿ. ಗಡುವಿಗೆ ಸರಿಯಾಗಿ ಮುಗಿಸ್ಕೊಟ್ರೆ ನಿಮ್ಮನ್ನ ಕಾಯಂ ಮಾಡ್ತೀನಮ್ಮ" ಎಂದರು ಯಜಮಾನರು. ವಾರವಾರ ಅವಳ ಕೆಲಸದ ಒಂದು ಪ್ರತಿಯನ್ನು ಹೊರಗೆ ತೆಗೆದಿಡುವುದು ಡಾಕ್ಟ್ರ ಜವಾಬ್ದಾರಿ; ಅಂಥದ್ದೊಂದು ಇದೆ ಎಂದು ಅವನಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯದು. ನಾಳೆ ತೆಗೆದರಾಯಿತು ಎಂದು ಅವನು ಒಂದು ದಿನವೂ ತೆಗೆಯಲಿಲ್ಲ.

ಅವಳು ಮೊದಮೊದಲು ಯಾವುದು ಎಲ್ಲಿದೆ ಎಂದು ತಿಳಿಯದೆ ಒದ್ದಾಡಿದಳು. ಆಮೇಲೆ ಕೈ ಪಳಗಿತು. ಗಡುವಿನ ದಿನ ಮಧ್ಯಾಹ್ನಕ್ಕೆ ಮುಂಚೆಯೇ ಕೊನೆಯ ಪುಟ ಮುಗಿಸಿ, ವರ್ಚುವಲ್ ಮಷೀನನ್ನು ಮುಚ್ಚಿ, "ಮುಗೀತು ಕಣೋ!" ಎಂದು ತಮ್ಮನ ಬೆನ್ನು ಗುದ್ದಿ, ಯಜಮಾನರನ್ನು ಕರೆತರಲು ಹೋದಳು.

ಅವನು ಅವಳ ಕುರ್ಚಿಯಲ್ಲಿ ಕೂತ. ಅವನ ಲೆಕ್ಕಾಚಾರ ಇಷ್ಟೇ: ಈಗಿನ ಸ್ಥಿತಿಯನ್ನು ಇನ್ನೊಂದು ಸ್ನ್ಯಾಪ್‌ಶಾಟಿನಲ್ಲಿ ಉಳಿಸಿಟ್ಟು, ಎಲ್ಲವನ್ನೂ ಖಾಲಿಗೆ ಮರಳಿಸುವುದು. ಅವಳು ಬಾಯಿಬಾಯಿ ಬಡಿದುಕೊಳ್ಳಬೇಕು, ತನ್ನನ್ನು ಬೇಡಬೇಕು, ಆಮೇಲೆ ದೊಡ್ಡ ಮನಸ್ಸು ಮಾಡಿ ವಾಪಸ್ ತಂದುಕೊಡುವುದು. ಮರಳಿಸುವ ಮುನ್ನ ಸಾಫ್ಟ್‌ವೇರು ತಾನಾಗಿಯೇ ಕೇಳುತ್ತದೆ, ಈಗಿನದನ್ನೂ ಉಳಿಸಲೇ ಎಂದು. ಉಳಿಸು ಎಂದು ಟಿಕ್ ಕೂಡ ಅದೇ ಹಾಕಿಟ್ಟಿರುತ್ತದೆ. ತನ್ನ ಆಟದ ಯಂತ್ರಗಳ ಕಸವನ್ನು ಯಾರು ಉಳಿಸಿಕೊಳ್ಳುತ್ತಾರೆ ಎಂದು ಆ ಟಿಕ್ಕನ್ನು ತೆಗೆದೇ ಮುಂದೆ ಹೋಗುವ ಚಾಳಿ ಅವನಿಗೆ. ಇಲ್ಲೂ ಕೈ ಅದನ್ನೇ ಮಾಡಿತು. ಪುಟಗಳೆಲ್ಲ ಹೋದಾಗಲೂ ಅವನು ನಗುತ್ತಲೇ ಇದ್ದ. ಪಟ್ಟಿಯಲ್ಲಿ ಆ ಹಳೆಯ ಸ್ನ್ಯಾಪ್‌ಶಾಟ್ ಒಂದೇ ಇದೆ ಎಂದು ಕಂಡಾಗ ಪಟ್ಟಿಯನ್ನು ಮುಚ್ಚಿ ಮತ್ತೆ ತೆರೆದ. ಆಗಲೂ ಒಂದೇ.

"ಅಯ್ಯೋ, ನನ್ ಪುಟಗಳೆಲ್ಲೋ?" ಯಜಮಾನರೊಂದಿಗೆ ಬಂದ ಅಕ್ಕ ಪರದೆ ನೋಡಿ ಕೂಗಿದಳು. ಎಲ್ಲರೆದುರೇ ಅವನ ಕೈ ಹಿಡಿದುಕೊಂಡಳು. "ನಿನ್ ದಮ್ಮಯ್ಯ ಕಣೋ, ಹುಡುಕ್ಕೊಡೋ!"

ಬೇಕೆಂದದ್ದು ಸಿಕ್ಕಿತಲ್ಲ, ತಗೋ! ಸಂಜೆಯವರೆಗೂ ಹುಡುಕಿದ, ನಿಜವಾಗಿಯೂ ಹುಡುಕಿದ. ಒಂದು ಪುಟವೂ ಸಿಗಲಿಲ್ಲ.

"ಯಂತ್ರದ ತಪ್ಪೋ, ಇವರ ತಪ್ಪೋ? ಅದೊಂದು ಹೇಳು" ಎಂದರು ಯಜಮಾನರು.

ಅವನು ಅಕ್ಕನತ್ತ ನೋಡಲಿಲ್ಲ. "ಇವ್ರದೇ ಸಾರ್. ಮುಚ್ಚೋವಾಗ ಏನೋ ಕೇಳತ್ತೆ. ಓದ್ದೇನೇ ‘ಹೌದು’ ಅಂತ ಒತ್ತಿದಾರೆ."

"ಒತ್ತಿರ್ಬೋದು ಸಾರ್. ಖುಷೀಲಿದ್ದೆ, ನೋಡ್ಲಿಲ್ಲ" ಎಂದಳು ಅವಳು.

ಪುಸ್ತಕ ಬೇರೆ ಕಡೆಗೆ ಹೋಯಿತು. ಅವಳಿಗೆ ನಾಳೆಯಿಂದ ಬರುವುದು ಬೇಡ ಎಂದರು.

ಮನೆಗೆ ಬಂದು ಅವಳು ಅವನಿಗೇ ಮೊದಲು ಬಡಿಸಿದಳು. "ಪಾಪ, ಮಧ್ಯಾಹ್ನದಿಂದ ನೀರೂ ಕುಡೀದೆ ಹುಡುಕಿದ್ಯಲ್ಲೋ." ಅವನು ತಲೆ ಎತ್ತದೆ ಉಂಡ, ಎರಡನೆಯ ಸಲವೂ ಹಾಕಿಸಿಕೊಂಡ. ತಟ್ಟೆ ತೆಗೆದಮೇಲೆ ಅವಳು ಅವನ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು.

"ಬೇರೆ ಕಡೆ ಕೆಲ್ಸ ಕೇಳ್ಬೇಕಲ್ಲ. ಅಲ್ಲೂ ಹೀಗೇ ಮಾಡ್ಬಾರ್ದು. ನಾನ್ ಮಾಡಿದ್ ತಪ್ಪೇನು ಅಂತ ಸರಿಯಾಗಿ ತೋರ್ಸೋ."

ಅವನು ಯಂತ್ರ ತೆರೆದ. ಇಲ್ಲದ ತಪ್ಪೊಂದನ್ನು ಅಲ್ಲೇ ಹೊಸೆದು, ಇಲ್ಲಿ ಕೇಳತ್ತೆ, ನೀನು ಇದನ್ನ ಒತ್ತಿದೀಯ, ಇದನ್ನ ಒತ್ತಬೇಕಿತ್ತು ಎಂದು ಒಂದೊಂದಾಗಿ ತೋರಿಸಿದ. ಅವಳು ಕನ್ನಡಕ ಏರಿಸಿಕೊಂಡು, ಪರದೆಯ ಮೇಲೆ ಬೆರಳಿಟ್ಟು, ಅವನು ಹೇಳಿದ್ದನ್ನೆಲ್ಲ ಹಾಗೆಯೇ ಒಪ್ಪಿಸಿದಳು.

"ಸರಿ ತಾನೇ?"

"ಸರಿ" ಎಂದ.

"ತಾಳು, ಇನ್ನೊಂದ್ಸಲ ಹೇಳ್ತೀನಿ. ತಪ್ಪಿದ್ರೆ ಬಯ್ಯಿ" ಎಂದು ಅವಳು ಮೊದಲಿನಿಂದ ಶುರು ಮಾಡಿದಳು.