ಒಂದೂವರೆ ಎಣಿಕೆ ತಡ

ತಡವಾಗಿ ಬರುವುದನ್ನು ಕಲಿಯಲು ನಾನು ಈಗ ಕಾಲೇಜಿಗೆ ಹೋಗುತ್ತಿದ್ದೇನೆ. ಫೀಸು ಕಟ್ಟಿ, ಫೋಟೊ ಇರುವ ಗುರುತಿನ ಚೀಟಿಯನ್ನು ಕೊರಳಿಗೆ ನೇತುಹಾಕಿಕೊಂಡು, ಬಸವೇಶ್ವರನಗರದಿಂದ ವಿಜಯನಗರಕ್ಕೆ ಆಟೊ ಹಿಡಿದು ಹೋಗಿ ಕಲಿಯುತ್ತಿದ್ದೇನೆ. ನನ್ನ ಜೊತೆಯ ಹುಡುಗಿಯರಿಗೆ ಈ ವಿದ್ಯೆ ಹುಟ್ಟಿನಿಂದಲೇ ಬಂದಿದೆ. ನನಗೆ ಅರವತ್ತು ದಾಟಿದ ಮೇಲೂ ಒಲಿಯುತ್ತಿಲ್ಲ.

ಸ್ವಲ್ಪ ಹಿಂದಿನಿಂದ ಹೇಳಬೇಕು. ನಾನು ಬೆಳೆದದ್ದು ಹಾಸ್ಟೆಲಿನಲ್ಲಿ. ಏಳುವುದಕ್ಕೊಂದು ಗಂಟೆ, ಮೀಯುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು ಗಂಟೆ. ಮನೆ ನೆನೆಸಿಕೊಂಡು ಅಳುವುದಿದ್ದರೆ ದೀಪ ಆರಿಸುವ ಗಂಟೆ ಹೊಡೆದ ಮೇಲೆಯೇ ಅಳಬೇಕು. ದೊಡ್ಡವಳಾಗಿ ಲೆಕ್ಕದ ಟೀಚರಾದೆ, ಆಮೇಲೆ ರಾಜಾಜಿನಗರದ ಒಂದು ಹೈಸ್ಕೂಲಿನ ಹೆಡ್‌ಮಿಸ್ಸಾದೆ. ಗಂಟೆಗೆ ಹೆದರುತ್ತಿದ್ದವಳು ಗಂಟೆ ಹೊಡೆಸುವವಳಾದೆ, ಅಷ್ಟೇ ಬಡ್ತಿ. ಗಂಟೆಗೆ ಸರಿಯಾಗಿ ಬಂದವರನ್ನೂ ನಾನು ತಡವಾಗಿ ಬಂದವರೆಂದೇ ಎಣಿಸುತ್ತಿದ್ದೆ. ಗಂಟೆ ಹೊಡೆಯುವಾಗ ಪುಸ್ತಕ ತೆರೆದಿರಬೇಕೇ ಹೊರತು ಚಪ್ಪಲಿ ಬಿಡುತ್ತಾ ಇರಬಾರದು. ನಿವೃತ್ತಿಯ ದಿನ ಸಹೋದ್ಯೋಗಿಯೊಬ್ಬರು ಭಾಷಣ ಮಾಡುತ್ತಾ, “ಮೇಡಂ ದನಿ ಕೇಳಿದ್ರೆ ಸಾಕು, ಮಕ್ಕಳಿರ್ಲಿ, ನಾವೂ ಎದ್ದು ನಿಲ್ತಿದ್ವಿ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ನಕ್ಕೆ. ಮನೆಗೆ ಬಂದು ಹಾರ ತೆಗೆದಿಡುವಾಗ ಆ ಮಾತು ಯಾಕೋ ಚುಚ್ಚಿತು. ನನ್ನ ದನಿ ಕೇಳಿ ಜನ ಎದ್ದು ನಿಲ್ಲುವುದನ್ನು ಜೀವಮಾನವಿಡೀ ನೋಡಿದೆ. ಒಂದು ಸಲವಾದರೂ ಯಾರಾದರೂ ಅದನ್ನು ಕೇಳಿ ಕೂತುಕೊಳ್ಳಬಾರದೇ?

ಜನರನ್ನು ಕೂರಿಸುವ ದನಿ ಎಂದರೆ ಹಾಡುವ ದನಿ. ಹಾಸ್ಟೆಲಿನಲ್ಲಿ ನಾನು ಸರಳೆ, ಜಂಟಿವರಸೆ ಮುಗಿಸಿ ಅಲಂಕಾರಗಳ ಬಾಗಿಲಿಗೆ ಬಂದಿದ್ದೆ. ಅಷ್ಟರಲ್ಲಿ ಸಂಗೀತದ ಪಾಠವೂ ಗಣಿತದ ಸ್ಪೆಷಲ್ ಕ್ಲಾಸೂ ಒಂದೇ ಹೊತ್ತಿಗೆ ಬಿದ್ದು, ಗಣಿತ ಗೆದ್ದಿತು. ಈಗ ಅಡ್ಡ ಬರಲು ಏನೂ ಇಲ್ಲವಲ್ಲ ಎಂದು ಕಾಲೇಜೊಂದರ ಸಂಗೀತದ ಡಿಪ್ಲೊಮಾಗೆ ಅರ್ಜಿ ಹಾಕಿದೆ. ಮೊದಲ ದಿನ ಗೇಟಿನ ಕಾವಲಿನವನು ಬಹಳ ಮರ್ಯಾದೆಯಿಂದಲೇ ಕೇಳಿದ: “ಮೊಮ್ಮಗಳ ಅಡ್ಮಿಷನ್ನಾ ಅಮ್ಮ?”

“ಅಲ್ಲಪ್ಪ, ನಂದೇ.”

ಅವನು ನನ್ನನ್ನೊಮ್ಮೆ, ಕಟ್ಟಡವನ್ನೊಮ್ಮೆ ನೋಡಿ, “ಲಿಫ್ಟ್ ಇಲ್ಲ ಅಮ್ಮ” ಎಂದ.

ಲಿಫ್ಟ್ ಇಲ್ಲದಿರುವುದು ದೊಡ್ಡ ತೊಂದರೆಯಲ್ಲ. ಏಳಕ್ಕೆ ಎಂದು ಬರೆದಿರುವ ಪಾಠ ಏಳಕ್ಕೆ ಶುರುವಾಗದಿರುವುದು ತೊಂದರೆ. ನಾನು ಹೋಗಿ ಬೀಗ ಹಾಕಿದ ಬಾಗಿಲ ಮುಂದೆ, ಪುಸ್ತಕವನ್ನು ಎದೆಗಪ್ಪಿಕೊಂಡು, ತಪ್ಪು ಮಾಡಿ ಹೊರಗೆ ನಿಲ್ಲಿಸಲ್ಪಟ್ಟ ಹುಡುಗಿಯ ಹಾಗೆ ನಿಂತಿರುತ್ತೇನೆ. ಮೊಬೈಲಿನಲ್ಲಿ ನಮ್ಮ ಕ್ಲಾಸಿನ ಗುಂಪಿಗೆ ಒಂದೊಂದೇ ಸಂದೇಶ ಬೀಳುತ್ತದೆ. ಒಬ್ಬಳು ಸಿಗ್ನಲ್ಲಿನಲ್ಲಿದ್ದಾಳೆ, ಒಬ್ಬಳು ಮೆಟ್ರೊ ಮೆಟ್ಟಿಲು ಇಳಿಯುತ್ತಿದ್ದಾಳೆ, ಒಬ್ಬಳು ಐದೇ ನಿಮಿಷದಲ್ಲಿ ಬರುತ್ತಾಳೆ. ಈ ಊರಿನ ಐದು ನಿಮಿಷದ ಬಗ್ಗೆ ಲೆಕ್ಕದ ಟೀಚರಾಗಿ ನಾನು ಬಹಳ ಯೋಚಿಸಿದ್ದೇನೆ. ಅದು ಕಾಲದ ಅಳತೆಯಲ್ಲ, ಒಂದು ಬಗೆಯ ನಮಸ್ಕಾರ. ನಮಸ್ಕಾರ ಎಂದವರನ್ನು ಯಾರೂ “ಎಷ್ಟು?” ಎಂದು ಕೇಳುವುದಿಲ್ಲ. ನಾನು ಕೇಳುತ್ತೇನೆ, ಅದಕ್ಕೇ ಆ ಗುಂಪಿನಲ್ಲಿ ನನಗೆ ಉತ್ತರ ಬರುವುದಿಲ್ಲ.

ಕೊನೆಗೆ ನಮ್ಮ ಟೀಚರ್ ಶುಭಾ ಸ್ಕೂಟರಿನಿಂದಿಳಿದು ಹೆಲ್ಮೆಟ್ಟಿನೊಳಗಿಂದಲೇ “ಸಾರಿ ಸಾರಿ” ಎನ್ನುತ್ತಾ ಬಂದು ಬೀಗ ತೆಗೆಯುತ್ತಾರೆ. ನನ್ನ ಮಗಳಾಗಬಹುದಾದ ವಯಸ್ಸು, ಕೇಳಿದರೆ ಎಲ್ಲವನ್ನೂ ಮರೆಸುವ ಕಂಠ. ಪಾಠ ಅರ್ಧಕ್ಕೆ ಬಂದಾಗ ಕಾಮಾಕ್ಷಿಪಾಳ್ಯದಿಂದ ಚಂದನ ಎಂಬ ಹುಡುಗಿ ಬರುತ್ತಾಳೆ. ಮಾಗಡಿ ರಸ್ತೆಯ ಬಸ್ಸನ್ನು ಬೈಯುತ್ತಾ ಬ್ಯಾಗು ಕೆಳಗಿಟ್ಟು, ಕೂರುವ ಮೊದಲೇ ಸರಿಯಾದ ಸ್ವರಕ್ಕೆ ಸೇರಿಕೊಂಡುಬಿಡುತ್ತಾಳೆ. ಒಂದು ದಿನ ಅವಳೇ ನನ್ನ ಪಕ್ಕ ಸರಿದು ಹೇಳಿದಳು: “ಆಂಟಿ, ಬೇಜಾರು ಮಾಡ್ಕೋಬೇಡಿ. ನೀವು ಅಷ್ಟು ಬೇಗ ಬಂದು ನಿಂತಿದ್ರೆ ನಾವೆಲ್ಲ ಲೇಟಾಗಿ ಬಂದಿದೀವಿ ಅನ್ಸುತ್ತೆ. ಸ್ವಲ್ಪ ಲೇಟಾಗಿ ಬನ್ನಿ, ಪ್ಲೀಸ್.”

“ನೀವು ಲೇಟಾಗೇ ಬಂದಿರೋದು ಕಣೇ!”

“ಅದೇ ಆಂಟಿ, ಆದ್ರೆ ಹಾಗೆ ಅನ್ಸಬಾರ್ದಲ್ವಾ.”

ಇದೆಲ್ಲವನ್ನೂ ನಾನು ಸಹಿಸಿದೆ. ನನ್ನ ನಂಬಿಕೆ ತಾಳದ ಮೇಲಿತ್ತು. ಮನುಷ್ಯರು ಹೇಗಾದರೂ ಇರಲಿ, ತಾಳವಾದರೂ ನನ್ನ ಜಾತಿಯದು ಎಂದುಕೊಂಡಿದ್ದೆ. ತೊಡೆಗೆ ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಮತ್ತೆ ತಟ್ಟು. ಕೈಯಲ್ಲೇ ಒಂದು ವೇಳಾಪಟ್ಟಿ! ಸರಳೆಯಿಂದ ಗೀತೆಯವರೆಗೆ ನಾನು ತಟ್ಟಿಗೆ ಸರಿಯಾಗಿ ಹೊರಟು ತಟ್ಟಿಗೆ ಸರಿಯಾಗಿ ಮುಟ್ಟಿದೆ. ಹುಡುಗಿಯರು ತಪ್ಪಿದಾಗ ಒಳಗೊಳಗೇ ಬೀಗಿದ್ದೂ ಉಂಟು.

ಆಮೇಲೆ ಆ ಹಾಡು ಬಂತು. ರಾಮನವಮಿಯ ಉತ್ಸವದಲ್ಲಿ ನಮ್ಮ ಕಾಲೇಜಿನವರಿಗೆ ಅರ್ಧ ಗಂಟೆ ಕೊಟ್ಟಿದ್ದರು. ಅದೂ ಎಲ್ಲಿ, ಬಸವೇಶ್ವರನಗರದಲ್ಲಿ, ನಮ್ಮ ಮನೆಯ ಹಿಂದಿನ ಪಾರ್ಕಿನ ಪೆಂಡಾಲಿನಲ್ಲಿ. ನನ್ನನ್ನು ಕಂಡರೆ ಇವತ್ತಿಗೂ ಶರ್ಟು ಒಳಗೆ ತುರುಕಿಕೊಳ್ಳುವ ಗಂಡಸರು ಆ ಬೀದಿಗಳಲ್ಲಿದ್ದಾರೆ. ಅವರ ಮುಂದೆ ಹಾಡಬೇಕು. ಅಲ್ಲಿ ಹಾಡಲೆಂದು ಶುಭಾ ಕಲಿಸಿದ ದೇವರನಾಮ ತಾಳದ ತಟ್ಟಿನ ಮೇಲೆ ಶುರುವಾಗುವುದೇ ಇಲ್ಲ. ತಟ್ಟು ಬಿದ್ದು ಒಂದೂವರೆ ಎಣಿಕೆ ಕಳೆದ ಮೇಲೆ ಹಾಡು ಬರುತ್ತದೆ.

“ತಟ್ಟು ಬಿತ್ತು, ಸುಮ್ನಿರಿ ಮೇಡಂ. ಕಿರುಬೆರಳು ಮುಟ್ಟಿದ್ರಿ, ಇನ್ನೂ ಸುಮ್ನಿರಿ. ಉಂಗುರದ ಬೆರಳಿಗೆ ಹೋಗೋ ದಾರೀಲಿ ಅರ್ಧಕ್ಕೆ ಎತ್ಕೊಳ್ಳಿ” ಎಂದರು ಶುಭಾ.

“ಅರ್ಧ ದಾರೀಲಿ ಏನಿದೆ?”

“ಏನೂ ಇಲ್ಲ ಮೇಡಂ. ಅಲ್ಲೇ ಎತ್ಕೋಬೇಕು.”

ಏನೂ ಇಲ್ಲದ ಜಾಗದಲ್ಲಿ ಎತ್ತಿಕೊಳ್ಳುವುದು ಹೇಗೆ? ಹತ್ತು ಮಂದಿ ಹುಡುಗಿಯರು ಎತ್ತಿಕೊಂಡರು. ಜೀವನದಲ್ಲಿ ಒಮ್ಮೆಯೂ ಸಮಯಕ್ಕೆ ಸರಿಯಾಗಿ ಬರದ ಆ ಹತ್ತು ಕಂಠಗಳು ಆ ಶೂನ್ಯದ ಮೇಲೆ ಒಟ್ಟಿಗೇ ಕಾಲಿಟ್ಟವು. ಅವಕ್ಕಿಂತ ಒಂದು ಗುಟುಕು ಮೊದಲೇ ನನ್ನ ಕಂಠ ಒಂಟಿಯಾಗಿ, ಬಾಗಿಲು ತೆರೆಯುವ ಮುಂಚೆಯೇ ಬಂದು ನಿಂತ ನೆಂಟರ ಹಾಗೆ ನಿಂತಿತ್ತು. ಎಣಿಕೆ ತಪ್ಪುತ್ತಿರಲಿಲ್ಲ. ಎಣಿಕೆ ಮುಗಿಯುವವರೆಗೆ ದನಿ ಕಾಯುತ್ತಿರಲಿಲ್ಲ. ಸುಮ್ಮನಿರಬೇಕಾದ ಹೊತ್ತು ಬಂದರೆ ಸಾಕು, ಇಡೀ ತರಗತಿ ನನ್ನನ್ನೇ ಕಾಯುತ್ತಿದೆ, ನಾನೇ ತಡಮಾಡುತ್ತಿದ್ದೇನೆ ಎಂಬ ಗಾಬರಿ ಎದ್ದು ಬಾಯಿ ತೆರೆದುಬಿಡುತ್ತಿತ್ತು.

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಯೋಚಿಸಿ ನೋಡಿ. ತಡವಾಗಿ ಬರುವುದನ್ನು ನಮ್ಮ ಹಿರಿಯರು ಬೇಕೆಂದೇ ಶಾಸ್ತ್ರಕ್ಕೆ ಸೇರಿಸಿ, ಅದಕ್ಕೆ ಅಳತೆ ಇಟ್ಟು, ಎತ್ತುಗಡೆ ಎಂಬ ಗೌರವದ ಹೆಸರೂ ಕೊಟ್ಟಿದ್ದಾರೆ! ಮೊದಲು ತಾಳ ಬಂದು ಚಾಪೆ ಹಾಸಬೇಕಂತೆ, ಹಾಡು ಆಮೇಲೆ ಬಂದು ಕೂರುತ್ತದಂತೆ. ಶುಭಾ ಹೇಳುವ ಪ್ರಕಾರ ಹಾಡಿನ ಸೊಗಸೆಲ್ಲ ಆ ಖಾಲಿ ಜಾಗದಲ್ಲಿದೆ. ನಮ್ಮ ಶಾಲೆಯಲ್ಲಿ ಆ ಖಾಲಿ ಜಾಗಕ್ಕೆ ಗೈರುಹಾಜರಿ ಎನ್ನುತ್ತಿದ್ದರು.

ಮನೆಯಲ್ಲೂ ಅಭ್ಯಾಸ ಮಾಡಿದೆ. ನಮ್ಮ ಮನೆಯವರು ಪೇಪರಿನ ಹಿಂದಿನಿಂದ ಕೇಳುತ್ತಿದ್ದರು: “ಏನೇ, ಇವತ್ತೂ ಮುಂಚೇನೇ ಬಂದ್ಯಾ?”

“ನಿಮ್ಮ ಹಾಗೆ ಬರೋದಕ್ಕೆ ನನಗೆ ಇನ್ನೂ ಎರಡು ಜನ್ಮ ಬೇಕು.”

ಈ ಮಾತಿಗೆ ಆಧಾರವಿದೆ. ಮದುವೆಯಾದಂದಿನಿಂದ ಎಲ್ಲಿಗೆ ಹೊರಟರೂ ನಾನು ಚಪ್ಪಲಿ ಹಾಕಿ ಗೇಟಿನ ಬಳಿ ನಿಂತಿರುತ್ತೇನೆ. ಬಾಗಿಲಿಗೆ ಬೀಗ ಹಾಕುವುದೊಂದೇ ಅವರ ಕೆಲಸ. ಒಳಗಿನಿಂದ “ಬಂದೆ ಕಣೇ” ಎನ್ನುವುದು ಕೇಳಿಸುತ್ತದೆ, ಮನುಷ್ಯರು ಕಾಣಿಸುವುದಿಲ್ಲ. ಒಂದು ಕೀಲಿ ತಿರುಗಿಸಲು ಅಷ್ಟು ಹೊತ್ತು ಯಾಕೆ ಬೇಕೆಂಬುದು ನಾನು ಬಿಡಿಸಲಾಗದೆ ಉಳಿಸಿಕೊಂಡಿರುವ ಒಂದೇ ಲೆಕ್ಕ. ಅವರು ಹೊಸ್ತಿಲು ದಾಟುವಷ್ಟರಲ್ಲಿ ನನ್ನ ಬೈಗುಳ ಶುರುವಾಗಿರುತ್ತದೆ, ಬಸ್‌ಸ್ಟಾಪಿನವರೆಗೂ ನಡೆಯುತ್ತದೆ. ಪಾಪ, ತಿರುಗಿ ಒಂದು ಮಾತು ಆಡುವವರಲ್ಲ.

ಉತ್ಸವ ಹತ್ತಿರ ಬಂದಾಗ ಶುಭಾ ನನ್ನನ್ನು ಪಕ್ಕಕ್ಕೆ ಕರೆದರು. “ಮೇಡಂ, ಒಂದು ಮಾತು. ಪಲ್ಲವಿ ಎತ್ಕೊಳ್ಳೋವಾಗ ನೀವು ಸುಮ್ನೆ ತುಟಿ ಆಡಿಸಿಬಿಡಿ. ಆಮೇಲೆ ಸೇರ್ಕೊಳ್ಳಿ. ಯಾರಿಗೂ ಗೊತ್ತಾಗಲ್ಲ.”

ಬೆಳಗಿನ ಪ್ರಾರ್ಥನೆಯಲ್ಲಿ ತುಟಿ ಮಾತ್ರ ಆಡಿಸುವ ಮಕ್ಕಳನ್ನು ಸಾಲಿನಿಂದ ಕರೆದು ಮುಂದೆ ನಿಲ್ಲಿಸಿ ಹಾಡಿಸುತ್ತಿದ್ದವಳು ನಾನು! ಅದೇ ಮಕ್ಕಳು ಈಗ ತಮ್ಮ ಮಕ್ಕಳೊಂದಿಗೆ ಪೆಂಡಾಲಿನಲ್ಲಿ ಕೂತಿರುತ್ತಾರೆ. ಹಾಡಿ ಮುಂಚೆ ಬಂದರೆ ಹನ್ನೊಂದು ಜನರ ಹಾಡು ಕೆಡುತ್ತದೆ. ಹಾಡದೆ ತುಟಿ ಆಡಿಸಿದರೆ ನನ್ನ ಮುಖವನ್ನು ನಾನೇ ನೋಡಿಕೊಳ್ಳಲಾರೆ. “ಹಾಡ್ತೀನಿ. ಕೆಟ್ಟರೆ ಆಮೇಲೆ ಕ್ಲಾಸಿಗೆ ಬರಲ್ಲ” ಎಂದೆ. ಹಾಡಿನ ಬಗ್ಗೆ ಶುಭಾ ಅವರಿಗಿದ್ದ ಭಯ ಮುಖದಲ್ಲೇ ಕಾಣುತ್ತಿತ್ತು.

ಆ ಸಂಜೆ ನಾನು ಎಲ್ಲರಿಗಿಂತ ಮೊದಲೇ ಪೆಂಡಾಲಿನಲ್ಲಿದ್ದೆ. ಶಾಮಿಯಾನದವರು ಇನ್ನೂ ಕುರ್ಚಿ ಹಾಕುತ್ತಿದ್ದರು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯ ಮೇಲೆ ನನ್ನ ಶಾಲು ಹಾಸಿ ನಮ್ಮ ಮನೆಯವರಿಗೆಂದು ಹಿಡಿದಿಟ್ಟೆ. “ಬೀಗ ಹಾಕ್ಕೊಂಡು ಹಿಂದೇನೇ ಬರ್ತೀನಿ” ಎಂದು ಹೇಳಿದ್ದರು. ಕಾರ್ಯಕ್ರಮ ಶುರುವಾಯಿತು, ಕುರ್ಚಿಯ ಮೇಲೆ ಶಾಲು ಮಾತ್ರ ಇತ್ತು. ಮೊದಲ ಹಾಡು ಮುಗಿಯಿತು, ಶಾಲೇ ಇತ್ತು. ಜನ ಪಾನಕದ ಡ್ರಮ್ಮಿನ ಸುತ್ತ, ಕೋಸಂಬರಿಯ ದೊನ್ನೆ ಹಿಡಿದು ನಿಂತೇ ಇದ್ದರು. ಕಾಲೇಜು ಹುಡುಗಿಯರ ಹಾಡೆಂದರೆ ಊರಿಗೆ ದೊನ್ನೆ ಖಾಲಿ ಮಾಡುವ ಹೊತ್ತು. ಎರಡನೆಯ ಹಾಡೂ ಮುಗಿಯಿತು. ಮುಂದಿನದೇ ಆ ಹಾಡು. ಶುಭಾ ನನ್ನ ಕಡೆ ನೋಡಿದರು. ನಾನು ಕುರ್ಚಿಯ ಕಡೆ ನೋಡಿದೆ.

ಬಂದರು. ಜೀವನದಲ್ಲಿ ಅವಸರ ಎಂಬುದನ್ನೇ ಕಾಣದ ಮನುಷ್ಯನ ಹಾಗೆ ನಡು ದಾರಿಯಲ್ಲಿ ನಡೆದು ಬಂದು, ಯಾರಿಗೋ ಕೈ ಮುಗಿದು, ನನ್ನ ಶಾಲನ್ನು ಎತ್ತಿ, ಅದನ್ನು ಮಡಿಸುತ್ತಾ ನಿಂತರು. ಮೃದಂಗ ಶುರುವಾಗಿತ್ತು. ತಟ್ಟು ಬಿತ್ತು. ನನಗೆ ನೆತ್ತಿಗೇರಿದ ಸಿಟ್ಟಿನಲ್ಲಿ ಹಾಡು, ಎಣಿಕೆ, ಗಾಬರಿ ಯಾವುದೂ ನೆನಪಿರಲಿಲ್ಲ. ಕೂತ್ಕೊಳ್ರೀ, ಎಂದು ಕಣ್ಣಲ್ಲೇ ಗದರಿದೆ. ಅವರು ಕೂತರು. ನಾನು ಎತ್ತಿಕೊಂಡೆ.

ಹನ್ನೊಂದು ದನಿಗಳೂ ಒಂದೇ ಆಗಿ ಎದ್ದವು. ಎದ್ದದ್ದು ಕೇಳಿ ಶುಭಾ ನನ್ನ ಕಡೆ ತಿರುಗಿದ್ದನ್ನು, ಪಕ್ಕದಲ್ಲಿದ್ದ ಚಂದನ ಮೊಣಕಾಲಿನಿಂದ ತಿವಿದದ್ದನ್ನು ನಾನು ಗಮನಿಸಿದೆನಾದರೂ ಕಣ್ಣು ಮಾತ್ರ ಆ ಕುರ್ಚಿಯಿಂದ ತೆಗೆಯಲಿಲ್ಲ. ಪಲ್ಲವಿ ತಿರುಗಿ ಬಂದಾಗಲೆಲ್ಲ ಅವರ ಮುಖ ನೋಡಿದೆ. ಸಿಟ್ಟು ಪ್ರತಿ ಸಲವೂ ಸರಿಯಾಗಿ ಒಂದೂವರೆ ಎಣಿಕೆಯಷ್ಟೇ ಹೊತ್ತು ತೆಗೆದುಕೊಂಡಿತು. ಸಭೆಯಲ್ಲಿ ಬೇರೆ ಯಾರಾದರೂ ದೊನ್ನೆ ಕೆಳಗಿಟ್ಟು ಕೂತರೋ ಇಲ್ಲವೋ ನಾನು ನೋಡಲಿಲ್ಲ. ಒಬ್ಬರು ಕೂತದ್ದನ್ನು ನೋಡಿದೆ.

ವೇದಿಕೆ ಇಳಿದಾಗ ಚಂದನ, “ಆಂಟಿ, ಸೂಪರ್! ಕೊನೆಗೂ ಲೇಟಾಗಿ ಬಂದ್ರಿ” ಎಂದಳು. ಶುಭಾ, “ಬುಧವಾರ ಏಳಕ್ಕೆ ಕ್ಲಾಸು ಮೇಡಂ” ಎಂದಷ್ಟೇ ಹೇಳಿ ನನ್ನ ಕೈ ಅದುಮಿದರು. ನಾನು ಹೊರಗೆ ಹೋಗಿ ಪಾರ್ಕಿನ ಗೇಟಿನ ಬಳಿ ಎಂದಿನಂತೆ ಕಾದು ನಿಂತೆ. ನಮ್ಮ ಮನೆಯವರು ಎಂದಿನಂತೆ ಬರಲಿಲ್ಲ. ಕೋಸಂಬರಿಯ ಸಾಲಿನಲ್ಲಿ ಎರಡನೇ ಸಲ ನಿಂತಿದ್ದರು. ಕೊನೆಗೆ ಎರಡು ಲೋಟ ಪಾನಕ ಹಿಡಿದು “ಬಂದೆ ಕಣೇ” ಎನ್ನುತ್ತಾ ಬಂದಾಗ ಬೈಗುಳ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆದರೆ ಕೈ ಇನ್ನೂ ಹಾಡಿನ ಗುಂಗಿನಲ್ಲಿತ್ತು. ತಾನಾಗಿಯೇ ತೊಡೆಗೆ ತಟ್ಟಿತು, ಕಿರುಬೆರಳು ಮುಟ್ಟಿತು.

ಆ ಖಾಲಿ ಜಾಗದಲ್ಲಿ ಅವರು ಮಾತಾಡಿದರು.

“ನೀನು ಹಾಲು ಒಲೆ ಮೇಲೆ ಹಾಗೇ ಬಿಟ್ಟು ಹೊರಟುಬಿಟ್ಟಿದ್ದೆ ನೋಡು. ಆರಿಸಿ, ಒಲೆ ಒರೆಸಿ ಬರೋಷ್ಟೊತ್ತಿಗೆ ತಡ ಆಯ್ತು. ನೀನು ಹೊರಟ ಮೇಲೆ ದಿನಾ ಒಂದಲ್ಲ ಒಂದು ಇರುತ್ತೆ ಕಣೇ. ಒಂದಿನ ನಲ್ಲಿ, ಒಂದಿನ ಫ್ಯಾನು, ಇವತ್ತು ಹಾಲು.”

ಇಷ್ಟು ವರ್ಷ ಅವರು ಇದನ್ನು ಹೇಳಲು ಜಾಗ ಹುಡುಕುತ್ತಿದ್ದರೋ ಏನೋ. ಜಾಗ ಈಗ ಸಿಕ್ಕಿತು.

ಪಾನಕ ಕುಡಿದೆ, ಚೆನ್ನಾಗಿತ್ತು. ಆಮೇಲೆ ಬೈದೆ. ಅಲ್ಲ, ಕೋಸಂಬರಿಗೆ ಎರಡನೇ ಸಲ ಸಾಲಿನಲ್ಲಿ ನಿಲ್ಲುವುದೆಂದರೇನು, ಗುರುತಿನವರು ನೋಡಿದರೆ ಏನೆಂದುಕೊಳ್ಳುತ್ತಾರೆ?