ಎಡಗಡೆಯ ಕಾವಲು

ಹಾರ್ಲನ್ ಪಿಟ್ಸ್ ಊರಿನ ಅಮೆರಿಕನ್ ಫುಟ್ಬಾಲ್ ತಂಡಕ್ಕೆ ಸೇರಿದ ಸುದ್ದಿ ಕೇಳಿದ ಬೆಳಿಗ್ಗೆ ಲೊರೆಟಾ ಸ್ವೊಬೋಡ ಕಾಫಿಯನ್ನು ಮೇಜಿನ ಮೇಲೆ ಚೆಲ್ಲಿದಳು. ಇಪ್ಪತ್ತಾರು ವರ್ಷ ಅದೇ ಹೋಟೆಲಿನಲ್ಲಿ ಬಡಿಸಿದ ಕೈ ಅದು, ಹಾಗೆಲ್ಲ ಚೆಲ್ಲುವುದಲ್ಲ. ದಿನವೂ ಬರುವ ಗಸ್ ಮೇಜಿನ ಮೇಲಿದ್ದ ತನ್ನ ಟೋಪಿಯನ್ನು ಪಕ್ಕಕ್ಕೆ ಎಳೆದುಕೊಂಡ. ಅವನ ಗಮನವೆಲ್ಲ ಜಗಳದ ಮೇಲಿತ್ತು.

"ಮೂವತ್ತೇಳು ವರ್ಷ ಕಣೋ ಆ ಪಿಟ್ಸ್‌ಗೆ. ಎರಡೂ ಮೊಣಕಾಲು ಕೊಯ್ದು ಹೊಲಿದಿದಾರೆ. ಕುದುರೆ ತನ್ನಿ ಅಂದ್ರೆ ಇವ್ರು ಲಾಳ ತಂದಿದಾರೆ."

"ಹನ್ನೆರಡು ವರ್ಷ ದೊಡ್ಡ ಲೀಗಲ್ಲಿ ಆಡಿದೋನು. ನಿನ್ನ ಹಾಗೆ ಸ್ಟೂಲ್ ಮೇಲೆ ಕೂತು ಆಡಿದೋನಲ್ಲ," ಎಂದ ಚೆಟ್. ಅವನದು ಎದುರು ರಸ್ತೆಯ ಕ್ಷೌರದಂಗಡಿ. ಅಂಗಡಿ ತೆರೆಯುವ ಮೊದಲು ಇಲ್ಲಿ ಒಂದು ಗಂಟೆ ಗಸ್‌ನ ಜೊತೆ ಕಚ್ಚಾಡದಿದ್ದರೆ ಅವನ ಕೈಗೆ ಕತ್ತರಿ ಹಿಡಿಯಲು ಬರುವುದಿಲ್ಲ. ಗಸ್ ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದವನು. ಅವನಿಗೆ ಹೊತ್ತು ಹೋಗಲು ಬೇರೆ ದಾರಿಯೂ ಇರಲಿಲ್ಲ.

"ಓಡೋಕಾಗತ್ತಾ ಅವನಿಗೆ? ಅದು ಹೇಳು."

"ಗೋಡೆ ಓಡತ್ತೇನೋ? ನಿಂತ್ರೆ ಸಾಕು. ಏನಂತೀಯ ಲೊರೆಟಾ? ನಿನ್ನ ಮಗನ ಬೆನ್ನಿಗೆ ಗೋಡೆ ಬಂತು."

ಲೊರೆಟಾ ಚೆಲ್ಲಿದ್ದನ್ನು ಒರೆಸುತ್ತ ನಕ್ಕಳು. ಅವಳಿಗೆ ಅಳು ಬರುವಷ್ಟು ಸಂತೋಷವಾಗಿತ್ತು.

ಅವಳ ಮಗ ವೆಸ್ ಊರಿನ ತಂಡದ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆಯುವವನು. ಬಲಗೈಯವನು ಎಸೆಯಲೆಂದು ತಿರುಗಿ ನಿಂತರೆ ಎಡಗಡೆಯಿಂದ ಏನು ನುಗ್ಗಿ ಬರುತ್ತಿದೆ ಎಂಬುದು ಅವನಿಗೆ ಕಾಣುವುದಿಲ್ಲ. ಆ ಎಡಗಡೆಯನ್ನು ಕಾಯುವುದಕ್ಕೇ ಒಬ್ಬ ಆಳು ಇರುತ್ತಾನೆ; ಪಿಟ್ಸ್ ಬಂದದ್ದು ಆ ಜಾಗಕ್ಕೆ. ಹೋದ ವರ್ಷ ಆ ಜಾಗದಲ್ಲಿದ್ದವನು ಎರಡು ಸಲ ಎಡವಿದ, ಎರಡು ಸಲವೂ ವೆಸ್‌ನ ತಲೆ ನೆಲಕ್ಕೆ ಬಡಿಯಿತು. ಎರಡನೆಯ ಸಲ ಆಂಬ್ಯುಲೆನ್ಸಿನಲ್ಲಿ ಅವನು ಲೊರೆಟಾಳ ಮುಖ ನೋಡಿ ಬಹಳ ಮರ್ಯಾದೆಯಿಂದ, "ನರ್ಸಮ್ಮ, ನಮ್ಮ ತಾಯಿಗೆ ಹೇಳಿ ಕಳಿಸ್ತೀರಾ?" ಎಂದು ಕೇಳಿದ್ದ. ಮೂರನೆಯ ಪೆಟ್ಟು ಬಿದ್ದರೆ ನಾನು ಏನೂ ಹೇಳಲಾರೆ ಎಂದು ಆಸ್ಪತ್ರೆಯ ವೈದ್ಯರು ಹೇಳಿದ್ದರು.

ಆಡಬೇಡ ಎಂದು ಹೇಳಲು ಇಪ್ಪತ್ಮೂರು ವರ್ಷದವನು ಮಡಿಲ ಮಗುವೇ? ಮರದ ಡಿಪೋದಲ್ಲಿ ಹಲಗೆ ಎತ್ತುವ ವೆಸ್‌ಗೆ ಆಟವಿರುವ ಶನಿವಾರ ಒಂದೇ ಮನುಷ್ಯನಾಗಿರುವ ದಿನ. ಲೊರೆಟಾ ಆಟ ನೋಡುತ್ತಿರಲಿಲ್ಲ. ಪ್ರೇಕ್ಷಕರ ಮರದ ಅಟ್ಟಣೆಯ ಕೆಳಗೆ ತಾಯಂದಿರು ನಡೆಸುವ ಅಂಗಡಿಯಲ್ಲಿ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬೇಯಿಸಿ ಮಾರುತ್ತ ನಿಲ್ಲುತ್ತಿದ್ದಳು. ತಲೆಯ ಮೇಲೆ ಎರಡು ಸಾವಿರ ಜನ ಕಾಲು ಬಡಿದು ಕೂಗುತ್ತಿರುವವರೆಗೆ ಅವಳ ಕೈ ಸರಾಗವಾಗಿ ಓಡುತ್ತಿತ್ತು. ಅವಳಿಗೆ ಹೆದರಿಕೆಯೆಲ್ಲ ಆ ಸದ್ದು ನಿಂತುಹೋಗುವುದರದು. ಊರಿನ ಹುಡುಗ ಬಿದ್ದು ಏಳದಿದ್ದಾಗ ಮಾತ್ರ ಆ ಊರು ಬಾಯಿ ಮುಚ್ಚುತ್ತದೆ.

ಈ ವರ್ಷ ಹುಡುಗ ಶ್ರದ್ಧೆಯಿಂದಿದ್ದಾನೆ ಎಂಬುದೇ ಅವಳಿಗಿದ್ದ ಸಮಾಧಾನ. ಆಗಸ್ಟ್ ತಿಂಗಳಿಂದ ದಿನಾ ಬೆಳಿಗ್ಗೆ ಗಡ್ಡ ಹೆರೆಯುತ್ತ ಪಾಠ ಒಪ್ಪಿಸುತ್ತಿದ್ದ: "ಚಮಚ, ಮಂಜು, ಕುರ್ಚಿ, ನದಿ, ಕೊಡೆ." ತಂಡದವರು ತಮ್ಮ ವರಸೆಗಳಿಗೆ ಬಾಯಿಗೆ ಬಂದ ಹೆಸರಿಡುತ್ತಾರೆ, ಎದುರಾಳಿಗೆ ತಿಳಿಯಬಾರದೆಂದು. ಅದೇ ಇದು ಎಂದುಕೊಂಡು ಅವಳು ಬಾಗಿಲಾಚೆ ನಿಂತು ಹಿಗ್ಗುತ್ತಿದ್ದಳು.

ಮಂಗಳವಾರ ಪಿಟ್ಸ್ ತಾನೇ ಹೋಟೆಲಿಗೆ ಬಂದ. ಬಾಗಿಲಲ್ಲಿ ಬೆಳಕೇ ಮುಚ್ಚಿಹೋಯಿತು. ಗಸ್ ಮತ್ತು ಚೆಟ್ ಮದುವೆಗೆ ಹೆಣ್ಣು ನೋಡಿದಂತೆ ಅವನ ನಡಿಗೆ ನೋಡಿದರು.

"ಬಲಗಾಲು ಎಳೀತಾನೆ," ಗಸ್ ಪಿಸುಗುಟ್ಟಿದ.

"ಬೂಟು ಹೊಸದಿರಬೇಕು ಸುಮ್ನಿರು."

ಲೊರೆಟಾ ಅವನ ಎಡಗಡೆಯಿಂದ ಬಾಗಿ ಲೋಟಕ್ಕೆ ಕಾಫಿ ಹುಯ್ದಳು. ಅವನು ಏನೋ ಹೇಳಲು ತಿರುಗಿದ, ಮೊಣಕೈ ತಗುಲಿ ಲೋಟ ಉರುಳಿತು. ಅವನು ಪದೇ ಪದೇ ಕ್ಷಮೆ ಕೇಳಿದ. ಪರವಾಗಿಲ್ಲ ಎಂದು ಒರೆಸುತ್ತ ಅವಳು ಅವನ ಮೊಣಕೈಯನ್ನೇ ನೋಡಿದಳು. ಕುಡಿದವನೇ ಇರಲಿ, ಹೆಂಡತಿಯೊಡನೆ ಜಗಳಕ್ಕೆ ನಿಂತವನೇ ಇರಲಿ, ಬಡಿಸುವ ಕೈ ಪಕ್ಕಕ್ಕೆ ಬಂದಾಗ ಮೊಣಕೈ ತಾನಾಗಿ ಒಳಕ್ಕೆ ಸರಿಯುತ್ತದೆ. ಇವನದು ಸರಿದಿರಲಿಲ್ಲ.

ಅವಳು ಟೋಸ್ಟಿನ ತಟ್ಟೆಯನ್ನು ಸದ್ದಿಲ್ಲದೆ ಅವನ ಎಡಕ್ಕೆ ಇಟ್ಟು ಹೋದಳು. ಮೊಟ್ಟೆ ತಿಂದು ಮುಗಿಸಿದವನು, "ಮೇಡಂ, ಟೋಸ್ಟ್ ಮರೆತ್ರಾ?" ಎಂದು ಕೇಳಿದ.

ಊರೆಲ್ಲ ಅವನ ಮೊಣಕಾಲು ನೋಡುತ್ತಿತ್ತು.

ಜನ ಖಾಲಿಯಾದ ಮೇಲೆ ಅವನು ದುಡ್ಡು ಕೊಡಲು ಬಂದಾಗ ಲೊರೆಟಾ ತಗ್ಗಿದ ದನಿಯಲ್ಲಿ ಕೇಳಿದಳು: "ಎಡಗಣ್ಣು ಯಾವಾಗಿಂದ ಕಾಣಿಸ್ತಿಲ್ಲ?"

ಅವನು ಇಡೀ ತಲೆ ತಿರುಗಿಸಿ ಬಾಗಿಲ ಕಡೆ ನೋಡಿದ. "ಯಾರು ಹೇಳಿದ್ರು?"

"ನಿಮ್ಮ ಟೋಸ್ಟ್ ಹೇಳ್ತು."

ಅವನು ಸುಳ್ಳು ಹೇಳಲಿಲ್ಲ. ಅಷ್ಟು ದೊಡ್ಡ ಮನುಷ್ಯ ಕೈಕಟ್ಟಿ ನಿಂತದ್ದು ನೋಡಿ ಅವಳಿಗೆ ಪಾಪ ಅನ್ನಿಸಿತು. "ಎರಡು ವರ್ಷ ಆಯ್ತು. ನೆರಳು ಕಾಣತ್ತೆ ಮೇಡಂ. ತಲೆ ಸ್ವಲ್ಪ ವಾರೆ ಇಟ್ಕೊಂಡ್ರೆ ಆಗತ್ತೆ. ನಂಗೆ ಈ ಕೆಲಸ ಬಿಟ್ರೆ ಬೇರೆ ಬರಲ್ಲ. ದಯವಿಟ್ಟು ಹೇಳ್ಬೇಡಿ."

"ನಿಮ್ಮ ತಂಡದ ಡಾಕ್ಟ್ರು ನೋಡ್ಲಿಲ್ವಾ?"

"ಗೋಡೆ ಮೇಲಿನ ಅಕ್ಷರ ಬಾಯಿಪಾಠ ಮಾಡ್ಕೊಂಡೆ. ಇಲ್ಲಿ ಎಲ್ಲಾರೂ ಹಾಗೇ. ನಾನು ಹುಡುಗ ಆಗಿದ್ದಾಗ ಮೊದಲು ಆಡಿದ್ದು ಇಲ್ಲೇ, ಆಗ್ಲೂ ಇದೇ ಡಾಕ್ಟ್ರು. ತಲೆಗೆ ಪೆಟ್ಟು ಬಿದ್ದೋರಿಗೆ ಮತ್ತೆ ಆಡೋಕೆ ಬಿಡೋ ಮುಂಚೆ ಐದು ಪದ ಹೇಳ್ತಾರೆ, ಹತ್ತು ನಿಮಿಷ ಬಿಟ್ಟು ವಾಪಸ್ ಕೇಳ್ತಾರೆ. ಪದಾನೂ ಬದಲಾಗಿಲ್ಲ. ಚಮಚ, ಮಂಜು, ಕುರ್ಚಿ..."

"ನದಿ," ಎಂದಳು ಲೊರೆಟಾ. "ಕೊಡೆ."

ಅವನು ಬೆರಗಾಗಿ ನೋಡಿದ. ಇವಳು ಯಾರ ತಾಯಿ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವಳು ಅವನ ಚಿಲ್ಲರೆಯನ್ನು ಎರಡು ಸಲ ಎಣಿಸಿ ಕೊಟ್ಟಳು.

ಮಧ್ಯಾಹ್ನ ಮನೆಗೆ ಹೋದಾಗ ವೆಸ್‌ನ ಕೋಣೆಯ ಕಿಟಕಿಗೆ ಕಂಬಳಿ ನೇತುಹಾಕಿತ್ತು. ಬಿಸಿಲಿಗೆ ನಿದ್ದೆ ಬರಲ್ಲ ಅಂದಿದ್ದ, ಅವಳೂ ನಂಬಿದ್ದಳು. ಪೆಟ್ಟು ಬಿದ್ದ ತಲೆಗೆ ಬೆಳಕು ತಡೆಯದು ಎಂಬುದು ಈಗ ಹೊಳೆಯಿತು. ಡಿಪೋದಿಂದ ಊಟಕ್ಕೆ ಬಂದಿದ್ದ ಅವನನ್ನು ಅಡುಗೆಮನೆಗೆ ಕರೆದು ಸೂಪು ಬಡಿಸಿದಳು.

"ಒಂದು ಆಟ ಆಡೋಣ. ಐದು ಪದ ಹೇಳ್ತೀನಿ, ನೆನಪಿಟ್ಕೋ. ಮೊಟ್ಟೆ, ಬೆಣ್ಣೆ, ಪೊರಕೆ, ಗಂಟೆ, ಉಪ್ಪು."

"ಏನಮ್ಮ ಇದು ಮಕ್ಕಳಾಟ?"

"ಹೇಳು ನೋಡೋಣ."

ಅವನು ಥಟ್ಟನೆ ಹೇಳಿದ. ಅವಳಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಗಸ್ ಹೇಳಿದ ಲಾಳದ ಮಾತು ಹೇಳಿ ನಗಿಸಿದಳು, ಡಿಪೋದ ಸುದ್ದಿ ಕೇಳಿದಳು, ಬೆನ್ನು ತಿರುಗಿಸಿ ಪಾತ್ರೆ ತೊಳೆದಳು. ಗೋಡೆ ಗಡಿಯಾರದ ಮುಳ್ಳು ಹತ್ತು ನಿಮಿಷ ಸರಿಯಿತು. ಅಷ್ಟೂ ಹೊತ್ತು ಅವಳು ತನಗೆ ಗೊತ್ತಿದ್ದ ಸಂತರನ್ನೆಲ್ಲ ನೆನೆದಳು.

"ಈಗ ಹೇಳು ಆ ಐದು."

"ಮೊಟ್ಟೆ," ಎಂದ ವೆಸ್. ಚಮಚ ತಟ್ಟೆಗೆ ತಾಗಿ ಸದ್ದಾಯಿತು. ಅವನು ಸೂಪನ್ನೇ ನೋಡುತ್ತಿದ್ದ, ಹಣೆಯಲ್ಲಿ ಬೆವರು. "ಮೊಟ್ಟೆ... ನದಿ."

ಲೊರೆಟಾ ನಲ್ಲಿ ನಿಲ್ಲಿಸಿದಳು.

"ಶನಿವಾರ ಒಂದೇ ಒಂದು ಆಟ ಅಮ್ಮ. ಮೇಲಿನ ಲೀಗಿನೋರು ಒಬ್ರು ನನ್ನ ನೋಡೋಕೇ ಬರ್ತಿದಾರೆ. ಈಗಂತೂ ಪಿಟ್ಸ್ ಇದಾನಲ್ಲ. ಅವನು ನಿಂತ ಮೇಲೆ ನನ್ನ ಮೈ ಮುಟ್ಟೋರು ಯಾರು?"

ಆ ಮಾತಿಗೆ ಅವಳಲ್ಲಿ ಉತ್ತರವಿತ್ತು. ಹೇಳಿದರೂ ಇವನು ಆಡದೆ ಬಿಡುವವನಲ್ಲ. ತಂಡದ ವೈದ್ಯರಿಗೆ ಹೇಳಿದರೆ ಅವರು ಮತ್ತೆ ಅದೇ ಐದು ಪದ ಕೇಳಿ ಪಾಸು ಮಾಡುತ್ತಾರೆ. ಕೋಚ್‌ಗೆ ಶನಿವಾರ ಗೆಲ್ಲಬೇಕು. ಮಗನಿಗೆ ಆಡಬೇಕು. ಹೆದರಿಕೆ ಇರುವುದು ಊರಲ್ಲಿ ತನಗೊಬ್ಬಳಿಗೇ ಎಂಬುದು ಅವಳಿಗೆ ಆ ಅಡುಗೆಮನೆಯಲ್ಲಿ ಸ್ಪಷ್ಟವಾಯಿತು.

ಬುಧವಾರ ಬೆಳಿಗ್ಗೆ ಗಸ್ ಮತ್ತು ಚೆಟ್ ಎಂದಿನಂತೆ ಶುರು ಮಾಡಿದ್ದರು. ಹೋಟೆಲು ತುಂಬಿತ್ತು. ಅಕ್ಕಪಕ್ಕದ ಮೇಜಿನವರೂ ಆ ಜಗಳಕ್ಕೆ ಬಾಯಿ ಹಾಕುತ್ತಿದ್ದರು.

"ಎಡಗಾಲು ಗಟ್ಟಿ ಇದೆ ಅಂತೀನಿ ನಾನು."

"ನೀನು ಕತ್ತರಿ ಹಿಡಿಯೋನು, ನಿಂಗೆ ಕಾಲಿನ ಸುದ್ದಿ ಯಾಕೆ?"

ಲೊರೆಟಾ ಕಾಫಿಯ ಜಗ್ಗನ್ನು ಅವರಿಬ್ಬರ ನಡುವೆ ಇಟ್ಟಳು. ಚೆಟ್‌ನ ಅಂಗಡಿಗೆ ಒಂದು ಮಾತು ಹೋದರೆ ಮಧ್ಯಾಹ್ನದೊಳಗೆ ಅದು ಹೊಳೆಯಾಚೆಗೂ ದಾಟುತ್ತದೆ. ಊರಿಗೆಲ್ಲ ಗೊತ್ತಾದ ಮೇಲೆ ಅವರಿಬ್ಬರನ್ನು ಆಡಿಸುವ ಧೈರ್ಯ ಯಾರಿಗೂ ಇರದು. ಅದನ್ನು ತಿಳಿದೇ ಅವಳು ಬಾಯಿ ತೆರೆದಳು. ಪಿಟ್ಸ್‌ನ ಅನ್ನ ಕಳೆಯುತ್ತಿದ್ದೇನೆ ಎಂಬುದೂ ತಿಳಿದಿತ್ತು. ಆ ಪಾಪ ತನಗಿರಲಿ ಎಂದುಕೊಂಡಳು.

"ಕಾಲಿನ ಮಾತು ಸಾಕು. ಪಿಟ್ಸ್‌ಗೆ ಎಡಗಣ್ಣು ಕಾಣಲ್ಲ. ನನ್ನ ಮಗನಿಗೆ ಐದು ಪದ ಹತ್ತು ನಿಮಿಷ ನೆನಪಿರಲ್ಲ. ಇಬ್ಬರೂ ಪರೀಕ್ಷೆ ಬಾಯಿಪಾಠ ಮಾಡಿ ಪಾಸಾಗಿದಾರೆ. ಎಲ್ಲಾರಿಗೂ ಹೇಳಿ."

ಚೆಟ್‌ನ ಲೋಟ ಅರ್ಧದಲ್ಲೇ ನಿಂತಿತು. ಹಿಂದಿನ ಮೇಜಿನವರು ಚಾಕು ಫೋರ್ಕು ಕೆಳಗಿಟ್ಟರು. ಅಡುಗೆಯವನು ಕಿಂಡಿಯಿಂದ ಹಣಕಿ ನೋಡಿದ. ಅಷ್ಟು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ. ಅಟ್ಟಣೆಯ ಕೆಳಗೆ ನಿಂತು ಅವಳು ಹೆದರುತ್ತಿದ್ದ ಮೌನ ಇದೇ. ಈ ಸಲ ತರಿಸಿದವಳು ತಾನೇ.

"ಹಾಗಾದ್ರೆ ಶನಿವಾರ..." ಎಂದು ಶುರು ಮಾಡಿದ ಗಸ್ ಅವಳ ಮುಖ ನೋಡಿ ಅಲ್ಲಿಗೇ ಬಿಟ್ಟ.

ಬಾಗಿಲ ಗಂಟೆ ಅಲುಗಿತು. ಡಿಪೋಗೆ ಹೋಗುವ ಮುಂಚೆ ದಿನವೂ ಬರುವ ಹೊತ್ತಿಗೆ ವೆಸ್ ಬಂದಿದ್ದ. ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡ. ಆಮೇಲೆ ತಾಯಿಯನ್ನು ನೋಡಿದ.

"ಹೇಳ್ಬಿಟ್ಯಾ?"

"ಹೇಳ್ದೆ."

ಅವನು ಬಾಗಿಲ ಹಿಡಿಯನ್ನು ಬಿಡಲಿಲ್ಲ. "ನೀನು ಯಾರೋ ನಂಗೆ ಗೊತ್ತಿಲ್ಲ," ಎಂದ, ಮತ್ತು ಹೊರಟುಹೋದ.

ಲೊರೆಟಾ ಜಗ್ಗು ಎತ್ತಿಕೊಂಡಳು. ಹೋದ ವರ್ಷ ಆಂಬ್ಯುಲೆನ್ಸಿನಲ್ಲಿ ನರ್ಸಮ್ಮ ಎಂದು ಕರೆದಾಗಲೂ ಅವನು ಹೇಳಿದ್ದು ಅದನ್ನೇ, ಗೊತ್ತಿಲ್ಲದೆ. ಈಗ ಇವಳು ತಾಯಿ ಎಂದು ಗೊತ್ತಿದ್ದೇ ಹೇಳಿದ್ದ. ಸದ್ಯ, ಗೊತ್ತಿದ್ದೇ ಹೇಳಿದ ಎಂದುಕೊಂಡು ಅವಳು ಗಸ್‌ನ ಲೋಟಕ್ಕೆ ಕಾಫಿ ಹುಯ್ದಳು.