ಪ್ಲಾಟ್‌ಫಾರ್ಮಿನ ಮೇಲೆ ಚೆಲ್ಲಿದ ನೀರು

ನಿನ್ನೆ ಮೆನ್ಲೋ ಪಾರ್ಕಿನ ನಮ್ಮ ಮನೆಯಿಂದ ಕಾರಿನಲ್ಲಿ ಪ್ರವಾಸ ಹೊರಟವರು ಈಗ ಮರುಭೂಮಿಯ ನಡುವಿನ ಒಂದು ಹಳೆಯ ರೈಲ್ವೆ ಊರಿನಲ್ಲಿದ್ದೇವೆ. ಇಲ್ಲೀಗ ರೈಲು ನಿಲ್ಲುವುದಿಲ್ಲ, ಸ್ಟೇಷನ್ನೇ ಮ್ಯೂಸಿಯಂ ಆಗಿದೆ. ಪ್ಲಾಟ್‌ಫಾರ್ಮಿನಲ್ಲಿ ನಲ್ಲಿ ಕಂಡದ್ದೇ ಅತ್ತೆ ತಮ್ಮ ಸ್ಟೀಲ್ ಬಾಟಲಿಯ ಮುಚ್ಚಳ ತೆಗೆದರು. ಅವರು ಮಂಡ್ಯದ ಕಡೆಯವರು, ಎಲ್ಲೇ ಇರಲಿ, ನಿನ್ನೆಯ ನೀರನ್ನು ಚೆಲ್ಲದೆ ಹೊಸ ನೀರು ತುಂಬಿಸಿಕೊಳ್ಳುವವರಲ್ಲ. ಉಳಿದಿದ್ದ ಅರ್ಧ ಬಾಟಲಿಯನ್ನು ನೆಲಕ್ಕೆ ಸುರಿದರು.

ಬೆಂಚಿನ ಮೇಲಿದ್ದ, ಮ್ಯೂಸಿಯಂ ನೋಡಿಕೊಳ್ಳುವ ಮುದುಕ ಎದ್ದು ನಿಂತು ಟೋಪಿ ತೆಗೆದ. "ಯಾರು ತೀರಿಕೊಂಡರು?" ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ.

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ. ಊರು ಹುಟ್ಟಿದಾಗ ಇಲ್ಲಿ ಬಾವಿಯೇ ಇರಲಿಲ್ಲವಂತೆ. ಕುಡಿಯುವ ನೀರು ರೈಲಿನ ಟ್ಯಾಂಕಿನಲ್ಲಿ ಬರುತ್ತಿತ್ತು, ಆಳಿಗಿಷ್ಟು ಎಂದು ಅಳೆದು ಕೊಡುತ್ತಿದ್ದರು. ಯಾರಾದರೂ ಸತ್ತರೆ ಅವರ ಪಾಲಿನ ನೀರನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಮನೆಯವರು ತಂದು ಇಲ್ಲೇ ಸುರಿಯುತ್ತಿದ್ದರು. ಊರಿಗೆ ಸಾವಿನ ಸುದ್ದಿ ತಿಳಿಯುತ್ತಿದ್ದದ್ದೇ ಹಾಗೆ. ಈಗಲೂ ಇಲ್ಲಿ ಯಾರೂ ಸುಮ್ಮನೆ ನೀರು ಚೆಲ್ಲುವುದಿಲ್ಲ.

"ಏನಂತೆ?" ಎಂದರು ಅತ್ತೆ. ನಾನು ಏನಾದರೊಂದು ಹೇಳಿ ತೇಲಿಸುವ ಮೊದಲೇ ಮಗಳು ತನ್ನ ಅರೆಬರೆ ಕನ್ನಡದಲ್ಲಿ, "ನಮ್ಮಲ್ಲಿ ಯಾರು ಡೈ ಆದ್ರು ಅಂತ ಕೇಳ್ತಿದಾರೆ, ಅಜ್ಜಿ" ಎಂದಳು.

ಅತ್ತೆ ನಮ್ಮಿಬ್ಬರ ಮುಖ ನೋಡಿದರು. "ಯಾರೂ ಇಲ್ಲ, ಎಲ್ರೂ ಚೆನ್ನಾಗವ್ರೆ ಅನ್ನು" ಎಂದವರೇ ಬಾಟಲಿಯನ್ನು ಅಲ್ಲೇ ಬಿಟ್ಟು ಕಾರಿನತ್ತ ಓಡಿದರು. ಒಳಗೆ ನಿದ್ದೆ ಹೋಗಿದ್ದ ನನ್ನ ಗಂಡನನ್ನು, ಅವರು ಕಣ್ಣು ಬಿಡುವವರೆಗೂ ಅಲುಗಾಡಿಸಿದರು.

ಯಾರೂ ತೀರಿಕೊಂಡಿಲ್ಲವೆಂದು ಮುದುಕನಿಗೆ ಹೇಳಿದೆ. ತಲೆಯಾಡಿಸಿದ. ನಮ್ಮ ಕಾರು ಹಳಿ ದಾಟುವವರೆಗೂ ಟೋಪಿಯನ್ನು ಮಾತ್ರ ಮತ್ತೆ ಹಾಕಿಕೊಳ್ಳಲಿಲ್ಲ.